ಹತ್ತು ನಿಮಿಷದ ಅವಧಾನ

ದಿನವೂ ಬರೆಯಬೇಕೆಂದು ಹೊಸ ನೋಟ್‌ಬುಕ್ ಕೊಂಡು, ಮೊದಲ ಪುಟದಲ್ಲಿ ‘ನನ್ನ ಬಾಲ್ಯ’ ಎಂದೋ ‘ಬದುಕಿನ ಅರ್ಥ’ ಎಂದೋ ತಲೆಬರಹ ಹಾಕಿದವರ ಬರವಣಿಗೆ ಸಾಮಾನ್ಯವಾಗಿ ನಾಲ್ಕನೆಯ ಪುಟಕ್ಕೇ ನಿಂತುಹೋಗುತ್ತದೆ. ಉಳಿದ ಹಾಳೆಗಳು ಹಾಲಿನ ಲೆಕ್ಕಕ್ಕೆ ಒದಗುತ್ತವೆ. ಅಂತಹ ವಿಷಯಗಳನ್ನು ಬೆಳಗಿನ ಕಾಫಿಯ ಹೊತ್ತಿನಲ್ಲಿ ಎತ್ತಿ ನಿಲ್ಲಿಸಲು ಯಾರಿಂದಲೂ ಆಗದು. ದಿನದ ಬರವಣಿಗೆಗೆ ಚಿಕ್ಕದೊಂದು ಕಟ್ಟುಪಾಡು ಬೇಕು, ಅದರಲ್ಲಿ ಸ್ವಲ್ಪ ಕೀಟಲೆಯೂ ಇರಬೇಕು. ಅಂತಹವನ್ನು ನಾನು ಅಷ್ಟಾವಧಾನದಿಂದ, ಅಂದರೆ ಅವಧಾನಿಯೊಬ್ಬರು ಎಂಟು ಬಗೆಯ ಸವಾಲುಗಳನ್ನು ಒಟ್ಟೊಟ್ಟಿಗೆ ನಿಭಾಯಿಸುವ ಕಲೆಯಿಂದ, ಎರವಲು ಪಡೆದಿದ್ದೇನೆ.

ಅವಧಾನದ ವೇದಿಕೆಯಲ್ಲಿ ಎಂಟು ಮಂದಿ ಪೃಚ್ಛಕರು, ಎಂದರೆ ಪ್ರಶ್ನೆ ಕೇಳುವವರು, ಒಡ್ಡುವ ಸವಾಲುಗಳಲ್ಲಿ ಹಲವು ಹೆಚ್ಚುಕಡಿಮೆ ಆಟಗಳೇ. ನಿಷೇಧಾಕ್ಷರಿಯಲ್ಲಿ ಪೃಚ್ಛಕರು ಅವಧಾನಿಯ ಪದ್ಯದಲ್ಲಿ ಮುಂದೆ ಯಾವ ಅಕ್ಷರ ಬರಬಹುದೆಂದು ಊಹಿಸಿ ಅದನ್ನೇ ನಿಷೇಧಿಸುತ್ತ ಹೋಗುತ್ತಾರೆ. ಸಮಸ್ಯಾಪೂರಣದಲ್ಲಿ ಅಸಂಬದ್ಧವಾಗಿ ಕೇಳಿಸುವ ಕೊನೆಯ ಸಾಲನ್ನು ಕೊಟ್ಟು, ಅದಕ್ಕೆ ಅರ್ಥ ಬರುವಂತೆ ಉಳಿದ ಸಾಲುಗಳನ್ನು ಕಟ್ಟಿಸುತ್ತಾರೆ. ದತ್ತಪದಿಯಲ್ಲಿ ವಸ್ತುವಿಗೆ ಒಗ್ಗದ ನಾಲ್ಕು ಪದಗಳನ್ನು ಪಾದಕ್ಕೊಂದರಂತೆ ಕೂಡಿಸಲು ಹೇಳುತ್ತಾರೆ. ನಡುನಡುವೆ ತಲೆಹರಟೆಯ ಪ್ರಶ್ನೆ ಕೇಳಿ ಏಕಾಗ್ರತೆ ಕೆಡಿಸುವುದಕ್ಕೆಂದೇ ಅಪ್ರಸ್ತುತಪ್ರಸಂಗದ ಪೃಚ್ಛಕರಿರುತ್ತಾರೆ (ನಮ್ಮ ಮನೆಯಲ್ಲಿ ಈ ಸ್ಥಾನವನ್ನು ಕುಕ್ಕರ್ ಮತ್ತು ಕರೆಗಂಟೆ ಹಂಚಿಕೊಂಡಿವೆ). ಶತಾವಧಾನಿ ಆರ್. ಗಣೇಶರಂತಹವರು ಇದೆಲ್ಲವನ್ನೂ ಛಂದಸ್ಸಿನಲ್ಲಿ, ಆಶುವಾಗಿ, ಕಾಗದ ಲೇಖನಿಗಳ ನೆರವಿಲ್ಲದೆ ನಿರ್ವಹಿಸುತ್ತಾರೆ. ನಮ್ಮಂಥವರು ಛಂದಸ್ಸನ್ನು ಬಿಟ್ಟು, ಕಾಗದವನ್ನು ಇಟ್ಟುಕೊಂಡು, ಗದ್ಯದಲ್ಲಿ ಹತ್ತು ನಿಮಿಷ ಆಡಿದರೂ ಸಾಕು.

ಸಮಸ್ಯಾಪೂರಣ ಎಲ್ಲಕ್ಕಿಂತ ಸುಲಭ. ‘ಆದ್ದರಿಂದ ಅಜ್ಜಿ ಕೊಡೆಯನ್ನು ಫ್ರಿಜ್ಜಿನಲ್ಲಿಟ್ಟರು’ ಎಂದು ಹಿಂದಿನ ರಾತ್ರಿಯೇ ಪುಟದ ಕೆಳತುದಿಯಲ್ಲಿ ಬರೆದಿಟ್ಟರೆ, ಬೆಳಗಾದ ಮೇಲೆ ಆ ಅಜ್ಜಿಗೆ ನ್ಯಾಯ ಒದಗಿಸದೆ ವಿಧಿಯಿಲ್ಲ. ದತ್ತಪದಿಯ ಪದಗಳನ್ನು ಮಾತ್ರ ನಾವೇ ಆರಿಸಿಕೊಳ್ಳಬಾರದು; ಆರಿಸಿಕೊಂಡರೆ ಅವು ಒಂದಕ್ಕೊಂದು ನೆಂಟರಾಗಿಯೇ ಬರುತ್ತವೆ. ನಮ್ಮಲ್ಲಿ ಅದು ಮಗಳ ಕೆಲಸ. ಅವಳು ಕೊಟ್ಟ ‘ಸಹಿ, ಬೆಂಡೆಕಾಯಿ, ಲಿಫ್ಟು, ಗ್ರಹಣ’ ಎಂಬ ಪದಗಳಿಂದ ಹೊರಟ ಬರಹವೊಂದು, ನಾನಾಗಿ ಎಂದೂ ಬರೆಯಲು ಕೂರದಿದ್ದ ನಮ್ಮ ಮಾವನವರ ಪಿಂಚಣಿಯ ಪ್ರಸಂಗಕ್ಕೆ ಹೋಗಿ ಮುಟ್ಟಿತು.

ನನಗೆ ಅತ್ಯಂತ ಪ್ರಿಯವಾದುದು ನಿರೋಷ್ಠ್ಯ, ಅಂದರೆ ತುಟಿಗಳ ನೆರವಿಲ್ಲದೆ ಉಚ್ಚರಿಸಬಹುದಾದ ಅಕ್ಷರಗಳಲ್ಲಷ್ಟೇ ಬರೆಯುವುದು. ಸಂಸ್ಕೃತ ಕವಿ ದಂಡಿಯ ದಶಕುಮಾರಚರಿತದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನು, ನಲ್ಲೆಯ ಹಲ್ಲು ತಾಗಿ ತುಟಿ ನೋಯುತ್ತಿರುವ ಕಾರಣ, ತನ್ನ ಕಥೆಯನ್ನೆಲ್ಲ ಓಷ್ಠ್ಯಾಕ್ಷರಗಳಿಲ್ಲದೆ ಹೇಳುತ್ತಾನೆ. ಒಂದು ನಿಯಮಕ್ಕೆ ಇದಕ್ಕಿಂತ ರಸಿಕವಾದ ನೆಪ ಸಿಗಲಾರದು. ಕನ್ನಡದಲ್ಲಿ ಪವರ್ಗವನ್ನೂ ವಕಾರವನ್ನೂ ಉ, ಊ, ಒ, ಓ, ಔ ಸ್ವರಗಳನ್ನೂ ಬಿಟ್ಟು ಬರೆಯಲು ಕುಳಿತರೆ ಅಪ್ಪ, ಅಮ್ಮ, ಮನೆ, ಮಳೆ ಒಮ್ಮೆಗೇ ಹೋಗುತ್ತವೆ. ತಂದೆ ತಾಯಿ ಉಳಿಯುತ್ತಾರೆ. ‘ಇತ್ತು’, ‘ಆಯಿತು’ ಸಲ್ಲದಾದ್ದರಿಂದ ಎಷ್ಟೇ ಹಳೆಯ ನೆನಪನ್ನೂ ‘ಇದೆ’, ‘ಆಗಿದೆ’ ಎಂದೇ ಹೇಳಬೇಕಾಗುತ್ತದೆ. ಗಂಡಸು ‘ನಿಂತ’, ‘ನಕ್ಕ’ ಎಂದು ಪಾರಾಗಬಹುದು, ಹೆಂಗಸಿಗೆ ‘ನಿಂತಿದ್ದಾಳೆ’ ಎಂಬಂತಹ ರೂಪಗಳೇ ಗತಿ. ಇವೆಲ್ಲಕ್ಕಿಂತ ಮಿಗಿಲಾಗಿ ‘ನಾನು’ ಎಂಬುದಕ್ಕೆ ಪ್ರವೇಶವೇ ಇಲ್ಲ. ಸಾಲುಸಾಲಿಗೂ ‘ನಾನು’ ಎಂದು ಶುರುವಾಗುವ ದಿನಚರಿಗಳಿಗೆ ಇದು ಒಳ್ಳೆಯ ಪಥ್ಯ.

ಹೀಗೊಂದು ಬೆಳಗ್ಗೆ ಮೂಡಿದ ಸಾಲುಗಳಿವು: ‘ರಾತ್ರಿ ಕರೆಂಟ್ ಇಲ್ಲ. ತಾಯಿ ಅಟ್ಟದ ಏಣಿಯ ಹತ್ತಿರ ನಿಂತಿದ್ದಾರೆ, ಕೈಯಲ್ಲಿ ಹಳೆಯ ಲಾಂದ್ರ. ಎಣ್ಣೆ ತೀರಿದೆ.’ ಸಾಮಾನ್ಯವಾಗಿ ನನ್ನ ವಾಕ್ಯಗಳು ಇಷ್ಟು ಚಿಕ್ಕವಾಗಿರುವುದಿಲ್ಲ. ಇಲ್ಲಿ ದೀಪವೆನ್ನಬೇಕೆಂದಿದ್ದೆ, ಪಕಾರ ಅಡ್ಡ ಬಂದದ್ದರಿಂದ ಲಾಂದ್ರವಾಯಿತು. ಆ ಪದ ಬಂದಮೇಲೆ ಅದರ ತುಕ್ಕು ಹಿಡಿದ ಹಿಡಿಕೆಯೂ ಮಸಿಗಟ್ಟಿದ ಗಾಜೂ ತಾವಾಗಿ ನೆನಪಿಗೆ ಬಂದವು. ದೀಪವೆಂದೇ ಬರೆದಿದ್ದರೆ ಮುಂದಿನ ವಾಕ್ಯಕ್ಕೆ ದಾಟಿಬಿಡುತ್ತಿದ್ದೆ. ಅಕ್ಷರಗಳನ್ನು ಕಾಯುವ ಕೆಲಸ ಹಚ್ಚಿದಾಗ, ‘ಇದನ್ನು ಯಾರು ಓದುತ್ತಾರೆ’ ಎಂದು ಒಳಗಿನಿಂದ ಕೊಂಕು ತೆಗೆಯುವ ಮನಸ್ಸಿಗೆ ಪುರುಸೊತ್ತಾಗುವುದಿಲ್ಲ ಎಂಬುದೂ ನಿಜ.

ಅಭ್ಯಾಸ ಉಳಿಯುವುದಕ್ಕೆ ನಾನು ಪಾಲಿಸುವ ಕ್ರಮ ಸರಳವಾದುದು. ಮರುದಿನದ ನಿಯಮವನ್ನು ರಾತ್ರಿಯೇ ಬರೆದಿಡುತ್ತೇನೆ, ಅಲಾರಾಂ ಹೊಡೆದಾಗ ವಾಕ್ಯ ಅರ್ಧವಾಗಿದ್ದರೂ ಪೆನ್ನು ಮುಚ್ಚುತ್ತೇನೆ, ವಾರ ಮುಗಿಯುವವರೆಗೆ ತಿರುಗಿ ಓದುವುದಿಲ್ಲ, ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸಲು ಹೋಗುವುದಿಲ್ಲ. ಸತತವಾಗಿ ಎಷ್ಟು ದಿನ ಬರೆದಿರೆಂದು ಎಣಿಸುವ ಆ್ಯಪ್‌ಗಳ ವಿಷಯದಲ್ಲಿ ನನಗೆ ಅಷ್ಟಾಗಿ ಗೌರವವಿಲ್ಲ. ಒಂದು ದಿನ ತಪ್ಪಿದೊಡನೆ ಲೆಕ್ಕ ಸೊನ್ನೆಗಿಳಿಯುತ್ತದೆ, ಅದರ ಬೆನ್ನಿಗೇ ಉತ್ಸಾಹವೂ ಇಳಿಯುತ್ತದೆ.

ಒಬ್ಬರೇ ಕುಳಿತು ಆಡಲಾಗದ್ದು ನಿಷೇಧಾಕ್ಷರಿಯೊಂದೇ. ಅದನ್ನು ಭಾನುವಾರ, ಮಗಳು ಎದುರಿಗೆ ಕೂರಲು ಒಪ್ಪಿದರೆ, ಒಂದೆರಡು ವಾಕ್ಯಗಳ ಮಟ್ಟಿಗೆ ಆಡುತ್ತೇವೆ. ಅವಳು ಒಂದೇ ಸಮನೆ ರಕಾರವನ್ನೇ ನಿಷೇಧಿಸುವುದರಿಂದ ನಮ್ಮ ವಾಕ್ಯಗಳಲ್ಲಿ ಯಾವ ಹಿರಿಯರಿಗೂ ಇನ್ನೂ ಬಹುವಚನದ ಮರ್ಯಾದೆ ಸಿಕ್ಕಿಲ್ಲ.