ಆಸ್ಪತ್ರೆ ಸಿಬ್ಬಂದಿಯ ರಕ್ತ ಹೇಳಿದ್ದು

ಕಾರವಾರದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಕೊರೊನಾ ಕಾಲದಲ್ಲಿ ಸಹೋದ್ಯೋಗಿಗಳು ಪದೇ ಪದೇ ಕೇಳುತ್ತಿದ್ದ ಪ್ರಶ್ನೆ, ‘ನನಗೂ ಬಂದು ಹೋಗಿದೆಯೇ?’ ಎಂಬುದು. ಮೂಗು, ಗಂಟಲಿನ ಮಾದರಿಯ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಾಣು ಈಗ ಇದೆಯೇ ಎಂಬುದನ್ನಷ್ಟೇ ಹೇಳುತ್ತದೆ; ಬಂದು ಹೋದದ್ದು ತಿಳಿಯಬೇಕಾದರೆ ರಕ್ತದಲ್ಲಿ ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳನ್ನು, ಹುಡುಕಬೇಕು. ಇವುಗಳಲ್ಲಿ ಹೆಚ್ಚು ಕಾಲ ಉಳಿಯುವ ಐಜಿಜಿ ಬಗೆಯ ಪ್ರತಿಕಾಯ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ವಾರಗಳಾದರೂ ಬೇಕಾಗುವುದರಿಂದ, ನಿನ್ನೆ ಜ್ವರ ಬಂದವರಿಗೆ ಇದರಿಂದ ಪ್ರಯೋಜನವಿಲ್ಲ.

ಪ್ರತಿಕಾಯವನ್ನು ಬಣ್ಣದಿಂದ ಗುರುತಿಸುವ ಎಲೈಸಾ ವಿಧಾನದಲ್ಲಿ 96 ಗುಳಿಗಳ ಪ್ಲೇಟಿಗೆ, ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತೆಳು ಹಳದಿಯ ದ್ರವವಾದ ಸೀರಮ್ ಹಾಕಿ, ತೊಳೆದು, ಕೊನೆಯ ದ್ರಾವಣ ಸೇರಿಸಿದಾಗ ಪ್ರತಿಕಾಯವಿರುವ ಗುಳಿಗಳು ಮೊದಲು ನೀಲಿಯಾಗುತ್ತವೆ, ಆಮ್ಲ ಬಿದ್ದ ಕೂಡಲೇ ಹಳದಿಗೆ ತಿರುಗುತ್ತವೆ. ‘ಮೇಡಂ, ನನಗೆ ಒಂದು ದಿನ ಶೀತವೂ ಆಗಿಲ್ಲವಲ್ಲ’ ಎಂದು ವಾದಿಸಿದ ನಮ್ಮ ವಾರ್ಡಿನ ಆಯಾ ಒಬ್ಬರ ಗುಳಿಯೇ ಆ ದಿನ ಎಲ್ಲಕ್ಕಿಂತ ಗಾಢವಾಗಿತ್ತು.

ನನ್ನ ಮಟ್ಟಿಗೆ ಈ ಪರೀಕ್ಷೆಯ ನಿಜವಾದ ಬೆಲೆ ಒಬ್ಬೊಬ್ಬರ ಚೀಟಿಯಲ್ಲಿಲ್ಲ, ವಿಭಾಗವಾರು ಲೆಕ್ಕದಲ್ಲಿದೆ. 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ರೋಗಲಕ್ಷಣವಿಲ್ಲದೆ ಕೆಲಸಕ್ಕೆ ಬರುತ್ತಿದ್ದ ಆಸ್ಪತ್ರೆ ಸಿಬ್ಬಂದಿಯ ರಕ್ತ ಪರೀಕ್ಷಿಸಿದಾಗ ಶೇ 24.4 ಮಂದಿಯಲ್ಲಿ ಪ್ರತಿಕಾಯ ಕಂಡಿತು. ಅದರಲ್ಲೂ ಸ್ವಚ್ಛತಾ ಸಿಬ್ಬಂದಿಯಲ್ಲಿ ಶೇ 34.5 ಇದ್ದರೆ, ಅತ್ಯಂತ ಅಪಾಯದ ಜಾಗವೆಂದು ಎಲ್ಲರೂ ಭಾವಿಸಿದ್ದ ತೀವ್ರ ನಿಗಾ ಘಟಕದವರಲ್ಲಿ ಕೇವಲ ಶೇ 14.8. ಐಸಿಯು ಒಳಗೆ ಹೋಗುವವರು ಮೈತುಂಬ ಪಿಪಿಇ ಎಂಬ ರಕ್ಷಣಾ ಉಡುಪು ಧರಿಸಿರುತ್ತಿದ್ದರು. ವಾರ್ಡಿನ ನೆಲ ಒರೆಸುವವರಿಗೆ ಒಂದು ತೆಳು ಮಾಸ್ಕು ಸಿಕ್ಕರೆ ಅದೇ ಹೆಚ್ಚಾಗಿತ್ತು. ಒಳ್ಳೆಯ ಮಾಸ್ಕನ್ನು ಹುದ್ದೆ ನೋಡಿ ಹಂಚುವುದು ಎಷ್ಟು ತಪ್ಪೆಂದು ಹೇಳಲು ಇದಕ್ಕಿಂತ ದೊಡ್ಡ ಪುರಾವೆ ಬೇಕೆಂದು ನನಗನ್ನಿಸುವುದಿಲ್ಲ. ಗಂಭೀರ ರೋಗಿಗಳನ್ನು ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಸಾಗಿಸಬೇಕಾಗುವ ನಮ್ಮ ಜಿಲ್ಲೆಯಲ್ಲಿ, ಇರುವ ನಾಲ್ಕು ಜನ ಸಿಬ್ಬಂದಿ ಕಾಯಿಲೆಯಿಂದ ಮಲಗಿದರೆ ಬದಲಿಗೆ ಬರುವವರು ಯಾರು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೂರನೇ ಸುತ್ತಿನ ಸಮೀಕ್ಷೆಯಲ್ಲಿ, ಅಂದರೆ 2020ರ ಡಿಸೆಂಬರ್‌ನಿಂದ 2021ರ ಜನವರಿಯ ನಡುವೆ, ವಯಸ್ಕರಲ್ಲಿ ಶೇ 21.4 ಹಾಗೂ ಆರೋಗ್ಯ ಕಾರ್ಯಕರ್ತರಲ್ಲಿ ಶೇ 25.7 ಮಂದಿಗೆ ಪ್ರತಿಕಾಯವಿತ್ತು. ಜೂನ್–ಜುಲೈ 2021ರ ಸುತ್ತಿನಲ್ಲಿ ಕಾರ್ಯಕರ್ತರ ಪ್ರಮಾಣ ಶೇ 85.2ಕ್ಕೆ ಏರಿತಾದರೂ, ಅಷ್ಟರೊಳಗೆ ಬಹುತೇಕರು ಲಸಿಕೆ ಪಡೆದಿದ್ದರಿಂದ ಅದನ್ನು ಸೋಂಕಿನ ಲೆಕ್ಕವೆಂದು ಓದುವಂತಿಲ್ಲ. ಕೋವಿಶೀಲ್ಡ್ ಪಡೆದವರಲ್ಲಿ ವೈರಾಣುವಿನ ಮುಳ್ಳಿನ ಪ್ರೋಟೀನಿಗೆ ಮಾತ್ರ ಪ್ರತಿಕಾಯ ಹುಟ್ಟುವುದರಿಂದ, ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧದ ಪ್ರತಿಕಾಯ ನೋಡಿ ಸೋಂಕನ್ನು ಬೇರ್ಪಡಿಸಿ ಗುರುತಿಸಬಹುದು. ನಿಷ್ಕ್ರಿಯಗೊಳಿಸಿದ ಇಡೀ ವೈರಾಣುವಿನಿಂದ ತಯಾರಾದ ಕೋವ್ಯಾಕ್ಸಿನ್ ಪಡೆದವರಲ್ಲಿ ಒಳಗಿನ ಪ್ರೋಟೀನಿಗೂ ಪ್ರತಿಕಾಯ ಹುಟ್ಟಬಹುದಾದ್ದರಿಂದ ಆ ದಾರಿಯೂ ಸುಲಭವಲ್ಲ.

ಪ್ರತಿಕಾಯ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಸಿಬ್ಬಂದಿಯನ್ನೇ ಕೋವಿಡ್ ವಾರ್ಡಿನ ಕೆಲಸಕ್ಕೆ ಹಾಕಬಹುದಲ್ಲವೇ ಎಂಬ ಮಾತು ಆಗ ಹಲವರ ಬಾಯಲ್ಲಿತ್ತು. ಬ್ರಿಟನ್ನಿನ ಆಸ್ಪತ್ರೆ ಸಿಬ್ಬಂದಿಯ ಮೇಲೆ ನಡೆದ ‘ಸೈರನ್’ ಅಧ್ಯಯನದ ಪ್ರಕಾರ ಹಿಂದಿನ ಸೋಂಕು ಸುಮಾರು ಏಳು ತಿಂಗಳವರೆಗೆ ಮರುಸೋಂಕಿನ ಅಪಾಯವನ್ನು ಶೇ 84ರಷ್ಟು ತಗ್ಗಿಸಿತ್ತು. ಅದೂ ಓಮೈಕ್ರಾನ್ ಬರುವ ಮೊದಲಿನ ಮಾತು. ಉಳಿದ ಅಪಾಯವನ್ನು ಆ ಆಯಾ ಏಕೆ ಹೊರಬೇಕು? ಅವರ ವರದಿ ಕೈಗಿತ್ತಾಗ, ಮಾಸ್ಕನ್ನು ಎಂದಿನಂತೆ ಹಾಕಿಕೊಳ್ಳಲೇಬೇಕೆಂದು ಎರಡೆರಡು ಬಾರಿ ಹೇಳಿದೆ.