ಕಾರಿನ ಡಿಕ್ಕಿಯಲ್ಲಿ ಒಂದು ಮೇಣದ ಬತ್ತಿ

ಪಕ್ಕದ ಮನೆಯ ಅಜ್ಜಿ ಮೊನ್ನೆ ನನ್ನ ಕಾರಿನ ಡಿಕ್ಕಿ ತೆಗೆಸಿ ನೋಡಿ ನಕ್ಕುಬಿಟ್ಟರು. ಒಳಗಿದ್ದದ್ದು ಒಂದು ಯೋಗ ಮ್ಯಾಟು, ಖಾಲಿ ಸೋನಾ ಮಸೂರಿ ಚೀಲ, ಕಡ್ಡಿ ಮುರಿದ ಕೊಡೆ. "ಬ್ಲಿಜರ್ಡ್ (ಹಿಮದ ಬಿರುಗಾಳಿ) ಬಂದ್ರೆ ಈ ಕೊಡೆ ಹಿಡ್ಕೊಂಡು ನಿಂತ್ಕೋತೀಯಾ?" ಅಂದರು. ಹೇಳಿದ್ದು ಇಂಗ್ಲಿಷಿನಲ್ಲಿ. ದನಿ ಮಾತ್ರ ಥೇಟ್ ನಮ್ಮೂರಿನ ಅಜ್ಜಿಯರದು.

ತಪ್ಪು ನನ್ನದೇ. ಸುಮ್ನೆ ಇರಲಾರದೆ ಬುದ್ಧಿವಂತಿಕೆ ತೋರಿಸಲು ಹೋಗಿದ್ದೆ. ನಾವಿರುವುದು ಅಮೆರಿಕದ ನಾರ್ತ್ ಡಕೋಟದ ಫಾರ್ಗೋದಲ್ಲಿ. ಪ್ರತಿವರ್ಷ ಅಕ್ಟೋಬರ್ ಮೂರನೇ ಗುರುವಾರ ಇಲ್ಲಿನ ಹವಾಮಾನ ಇಲಾಖೆ ಚಳಿಗಾಲದ ಮುನ್ನೋಟ ಹೊರಡಿಸುತ್ತದೆ. ದೇಶದ ನಕ್ಷೆ, ಅದರ ಮೇಲೆ ನೀಲಿ, ಕಿತ್ತಳೆ, ಬಿಳಿ ಬಣ್ಣ. ಈ ಸಲ ನಮ್ಮ ಭಾಗಕ್ಕೆ ತೆಳು ನೀಲಿ ಬಿದ್ದಿತ್ತು. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಅಜ್ಜಿಗೆ ಫೋನಿನಲ್ಲಿ ಅದನ್ನು ತೋರಿಸಿ, "ಲಾ ನಿನಾ ಅಂತೆ, ಈ ಸಲ ಚಳಿ ಜಾಸ್ತಿ" ಅಂದೆ. ಲಾ ನಿನಾ ಅಂದರೆ ಪೆಸಿಫಿಕ್ ಸಮುದ್ರದ ನಡುಮಧ್ಯ ನೀರು ಮಾಮೂಲಿಗಿಂತ ತಣ್ಣಗಾಗುವುದು.

ಆ ನಕ್ಷೆಯನ್ನು ನನ್ನ ಆಫೀಸಿನಲ್ಲೂ ಅರ್ಧ ಜನ ತಪ್ಪಾಗಿ ಓದುತ್ತಾರೆ. ನೀಲಿ ಅಂದರೆ ಹಿಮ ಜಾಸ್ತಿ ಅಂತಲ್ಲ. ಭಯಂಕರ ಚಳಿ ಅಂತಲೂ ಅಲ್ಲ. ಚಳಿಗಾಲ ಮಾಮೂಲಿಗಿಂತ ತಣ್ಣಗಿರಬಹುದು, ಮಾಮೂಲಿಯಾಗಿರಬಹುದು, ಬೆಚ್ಚಗಿರಬಹುದು. ಏನೂ ಸುಳಿವಿಲ್ಲದಿದ್ದರೆ ಮೂರಕ್ಕೂ ನೂರಕ್ಕೆ 33ರ ಲೆಕ್ಕ. ಅಂಥ ಜಾಗಕ್ಕೆ ಬಿಳಿ ಬಣ್ಣ. ತೆಳು ನೀಲಿ ಅಂದರೆ ತಣ್ಣನೆಯ ಕಡೆಗೆ 33ರಿಂದ 40ರೊಳಗೆ ವಾಲಿದೆ, ಅಷ್ಟೇ. ತಕ್ಕಡಿಯ ತಟ್ಟೆಗೆ ಒಂದು ಹುಣಸೆ ಬೀಜ ಹಾಕಿದಷ್ಟು. ಎಷ್ಟು ಬ್ಲಿಜರ್ಡ್ ಬರುತ್ತವೆ, ಯಾವಾಗ ಬರುತ್ತವೆ, ಇದರಲ್ಲಿ ಇಲ್ಲ.

ಅಜ್ಜಿ ಕನ್ನಡಕ ಹಣೆಗೇರಿಸಿ ನೋಡಿದರು. "ಚೆನ್ನಾಗಿದೆ. ಆದ್ರೆ ಮೂರು ತಿಂಗಳ ಚಳಿಯಿಂದ ಯಾರೂ ಸಾಯಲ್ಲ. ಒಂದು ಮಧ್ಯಾಹ್ನದಿಂದ ಸಾಯ್ತಾರೆ. ಎಲ್ಲಿ, ನಿನ್ನ ಕಾರಿನ ಹಿಂದೆ ಏನಿದೆ ತೋರಿಸು" ಅಂದರು.

ಆ ಮಾತು ಉತ್ಪ್ರೇಕ್ಷೆ ಅಲ್ಲ. 1888ರ ಜನವರಿ 12ರಂದು ಈ ಬಯಲಿನಲ್ಲಿ ಬೆಳಿಗ್ಗೆ ಚಳಿ ಕಡಿಮೆ ಇತ್ತು. ಅಬ್ಬಾ, ಒಂದು ದಿನ ಬಿಡುವು ಸಿಕ್ಕಿತು ಅಂತ ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಹೋದರು. ಹಗಲಲ್ಲೇ ಗಾಳಿ ತಿರುಗಿತು. ಸತ್ತವರು ಸುಮಾರು 235 ಜನ, ಅವರಲ್ಲಿ ತುಂಬಾ ಜನ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು. ಇವತ್ತಿಗೂ ಅದನ್ನು ಶಾಲೆ ಮಕ್ಕಳ ಬ್ಲಿಜರ್ಡ್ ಅಂತಲೇ ಕರೆಯುತ್ತಾರೆ.

ಊರಿನವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಹಿಮ ಬೀಳುತ್ತೆ?" ಫಾರ್ಗೋದಲ್ಲಿ ಸರಾಸರಿ ಬೀಳುವುದು ವರ್ಷಕ್ಕೆ ಸುಮಾರು 50 ಇಂಚು. ಅಮೆರಿಕದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುವ ಊರುಗಳಿವೆ. ಇಲ್ಲಿನ ಹೆದರಿಕೆ ಗಾಳಿಯದು. ಸಾವಿರಾರು ವರ್ಷಗಳ ಹಿಂದೆ ಇಲ್ಲೆಲ್ಲ ಅಗಾಸಿ ಅನ್ನುವ ದೊಡ್ಡ ಸರೋವರ ಇತ್ತಂತೆ. ಅದು ಬತ್ತಿ ಉಳಿದ ತಳವೇ ಈ ನೆಲ. ಒಂದು ದಿಬ್ಬ ಇಲ್ಲ. ನಮ್ಮ ಎರೆ ಹೊಲದಂಥದ್ದೇ ಕಪ್ಪು ಮಣ್ಣು, ರೊಟ್ಟಿ ತಟ್ಟಿದ ಹಾಗೆ ಸಪಾಟು. ಕೆನಡಾದಿಂದ ಹೊರಟ ಗಾಳಿಯನ್ನು ತಡೆಯಲು ಹೊಲದಂಚಿನ ಮರದ ಸಾಲು ಬಿಟ್ಟರೆ ಏನಿಲ್ಲ. ಹೊರಗೆ ಮೈನಸ್ 29 ಡಿಗ್ರಿ ಸೆಲ್ಸಿಯಸ್ ಇದ್ದು ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಮೈನಸ್ 46ರಷ್ಟು ತಾಗುತ್ತದೆ. "ಗಾಳಿ ಬಂದಾಗ ತೂರಿಕೋ" ಅಂತ ಗಾದೆ ಮಾಡಿದವರು ಫಾರ್ಗೋಗೆ ಬಂದಿರಲಿಲ್ಲ, ಪುಣ್ಯಾತ್ಮರು.

ಬಂದ ಮೊದಲ ಚಳಿಗಾಲದಲ್ಲೇ ನನಗೆ ಅದರ ಪರಿಚಯ ಆಯಿತು. ಗ್ರ್ಯಾಂಡ್ ಫೋರ್ಕ್ಸ್‌ನಿಂದ ವಾಪಸ್ ಬರುತ್ತಿದ್ದೆ. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಹಿಮ ಬಿದ್ದು ಎರಡು ದಿನ ಆಗಿತ್ತು. ಮೊದಲು ರಸ್ತೆಯ ಮೇಲೆ ಬಿಳಿ ಎಳೆಗಳು ಹರಿದಾಡತೊಡಗಿದವು, ಹಾವು ಅಡ್ಡ ಹೋದ ಹಾಗೆ. ಚೆಂದ ಇದೆ ಅಂದುಕೊಂಡೆ. ಹತ್ತು ನಿಮಿಷಕ್ಕೆ ಅವು ಕಾರಿನ ಬಾನೆಟ್ಟಿನ ಎತ್ತರಕ್ಕೆ ಎದ್ದವು. ಆಮೇಲೆ ಬಾನೆಟ್ಟೇ ಕಾಣಲಿಲ್ಲ. ವಿಚಿತ್ರ ಅಂದರೆ ಕತ್ತೆತ್ತಿ ನೋಡಿದರೆ ಮೇಲೆ ಬಿಸಿಲು, ನೀಲಿ ಆಕಾಶ! ಮುಂದೆ ಮಾತ್ರ ಹಾಲಿನಲ್ಲಿ ಅದ್ದಿದ ಹಾಗೆ. ಇದಕ್ಕೆ ಗ್ರೌಂಡ್ ಬ್ಲಿಜರ್ಡ್ ಅನ್ನುತ್ತಾರೆ. ಹೊಸ ಹಿಮ ಒಂದು ಚೂರೂ ಬೀಳಬೇಕಿಲ್ಲ, ಬಿದ್ದದ್ದನ್ನೇ ಗಾಳಿ ಎತ್ತಿದರೆ ಸಾಕು. ಇಲಾಖೆಯ ಲೆಕ್ಕದಲ್ಲಿ ಬ್ಲಿಜರ್ಡ್ ಅಂದರೆ ಗಂಟೆಗೆ 56 ಕಿಲೋಮೀಟರಿಗಿಂತ ಜೋರು ಗಾಳಿ, 400 ಮೀಟರ್ ಆಚೆಗೆ ಏನೂ ಕಾಣಬಾರದು, ಹೀಗೆ ಮೂರು ಗಂಟೆ. ನನಗೆ ಇಪ್ಪತ್ತು ನಿಮಿಷವೇ ಮೂರು ದಿನ ಆದಂತಿತ್ತು. ಮುಂದಿದ್ದ ಲಾರಿಯ ಎರಡು ಕೆಂಪು ದೀಪ ಹಿಡಿದುಕೊಂಡು ಆಂಜನೇಯ, ಆಂಜನೇಯ ಅಂತ ಬಂದೆ.

ಇಷ್ಟಾದರೂ ನಾನು ಈ ಮುನ್ನೋಟಕ್ಕೆ ಕಾಯುತ್ತೇನೆ. ಅದು ಅಪ್ಪನ ಚಾಳಿ. ಚಳ್ಳಕೆರೆ ಕಡೆಯ ನಮ್ಮ ಮನೆಯಲ್ಲಿ ಯುಗಾದಿ ಮುಗಿದ ಮೇಲೆ ಮಾತೆಲ್ಲ ಮಳೆಯದೇ. ಅಪ್ಪ ಒಂದು ಕಡೆ ಪಂಚಾಂಗ ಇಟ್ಟುಕೊಂಡು ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಬೆರಳು ಮಡಚುವರು. ಇನ್ನೊಂದು ಕಡೆ ಏಪ್ರಿಲ್‌ನಲ್ಲಿ ಪೇಪರಿನಲ್ಲಿ ಬರುವ ಮುಂಗಾರು ಮುನ್ಸೂಚನೆಯನ್ನು ಕತ್ತರಿಸಿ ಗೋಡೆಯ ಮೊಳೆಗೆ ಚುಚ್ಚುವರು. ವಾಡಿಕೆಯ ಶೇಕಡಾ ಇಷ್ಟು ಅಂತ. ಆ ವಾಡಿಕೆ ಇಡೀ ದೇಶಕ್ಕೆ 87 ಸೆಂಟಿಮೀಟರು. "ದೇಶಕ್ಕೆ ಬಂದ್ರೆ ನಮ್ಮ ಹೊಲಕ್ಕೆ ಬಂತು ಅಂತಲ್ಲ" ಅನ್ನುವರು. ಆದರೂ ಚುಚ್ಚುವರು.

ಇನ್ನು ನಾನು ಯಾರಿಗೂ ಹೇಳದ ಒಂದು ವಿಷಯ. 2023ರಲ್ಲಿ ಎಲ್ ನಿನೊ ಬಂತು. ಪೆಸಿಫಿಕ್ ಸಮುದ್ರದ ನಡುಮಧ್ಯ ನೀರು ಬೆಚ್ಚಗಾದರೆ ಇಲ್ಲಿ ಸಾಮಾನ್ಯವಾಗಿ ಚಳಿ ಸಡಿಲ. ಆ ವರ್ಷ ನಾರ್ತ್ ಡಕೋಟದ ದಾಖಲೆಯಲ್ಲೇ ಅತಿ ಬೆಚ್ಚನೆಯ ಚಳಿಗಾಲ. ಡಿಸೆಂಬರ್‌ನಲ್ಲಿ ನಾನು ಕೈಗವಸಿಲ್ಲದೆ ಅಂಗಡಿಗೆ ಹೋಗಿ ಬಂದೆ. ರಾತ್ರಿ ಕಾರಿನ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರಿಗೆ ಪ್ಲಗ್ ಹಾಕುವ ಕೆಲಸ ಇಲ್ಲ, ಹಿಮ ಎತ್ತುವ ಸೊಂಟ ನೋವಿಲ್ಲ. ಆ ಖುಷಿಯಲ್ಲಿ ಊರಿಗೆ ಫೋನ್ ಮಾಡಿದೆ. "ಅಪ್ಪಾ, ಈ ಸಲ ಎಲ್ ನಿನೊ ನಮ್ಮನ್ನ ಕಾಪಾಡ್ತು!"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದೇನಮ್ಮ, ಒಳ್ಳೇದಾತು ಬಿಡು. ಇಲ್ಲಿ ನಮ್ಮ ಬೋರು ನಿಂತೋತು" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ನನಗೆ ಗೊತ್ತಿಲ್ಲದ ವಿಷಯವೇ ಅದು? ಸೆಪ್ಟೆಂಬರ್‌ನಲ್ಲೇ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತ್ತು. ಆಮೇಲೆ ರಾಜ್ಯದ 236ರಲ್ಲಿ 223ಕ್ಕೆ ಅದು ಮುಟ್ಟಿತು. ಪೇಪರಿನಲ್ಲಿ ಓದಿದ್ದೆ, ಅಯ್ಯೋ ಅಂದಿದ್ದೆ. ಆದರೆ ಅಲ್ಲಿನ ಶೇಂಗಾ ಒಣಗಿಸಿದ್ದೂ ಇಲ್ಲಿ ನನ್ನ ಕೈ ಬೆಚ್ಚಗಿಟ್ಟಿದ್ದೂ ಅದೇ ಸಮುದ್ರ ಅಂತ ತಲೆಗೆ ಹೊಳೆಯಲಿಲ್ಲ. ಎಲ್ ನಿನೊ ಬಂದಾಗಲೆಲ್ಲ ಬರ ಬಂದೇ ಬರುತ್ತದೆ ಅಂತೇನಿಲ್ಲ. 1997ರಲ್ಲಿ ದೊಡ್ಡ ಎಲ್ ನಿನೊ ಇದ್ದರೂ ದೇಶದ ಮುಂಗಾರು ಕೈ ಕೊಡಲಿಲ್ಲ. ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಯಾವ ಮುನ್ಸೂಚನೆಯನ್ನೂ ಪೂರ್ತಿ ನಂಬುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ.

ಇಲ್ಲಿ ನೋಡಿ ಹೊಟ್ಟೆ ಉರಿಯುವುದು ಇಷ್ಟಕ್ಕೆ. ಬ್ಲಿಜರ್ಡ್ ಅಂದರೆ ಹೆದ್ದಾರಿಗೆ ಗೇಟು ಬೀಳುತ್ತದೆ, ಶಾಲೆ ಮುಚ್ಚುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಮುನ್ನೋಟ ಬಂದ ವಾರವೇ ಅಜ್ಜಿಯಂಥವರು ಪಕ್ಕದವರ ಡಿಕ್ಕಿ ತಪಾಸಣೆಗೆ ಹೊರಡುತ್ತಾರೆ. ನಮ್ಮಲ್ಲಿ ಜೂನ್‌ನಲ್ಲೇ ಮಳೆ ಕೈಕೊಟ್ಟದ್ದು ದನ ಕಾಯುವ ಹುಡುಗನಿಗೂ ಕಾಣುತ್ತದೆ. ಮೇವು, ನೀರಿನ ಮಾತು ಶುರುವಾಗುವುದು ಯುಗಾದಿ ಹತ್ತಿರ ಬಂದಾಗ.

ಅಜ್ಜಿ ಚೀಟಿ ಬರೆದುಕೊಟ್ಟರು. ಕಂಬಳಿ, ಸಣ್ಣ ಸಲಿಕೆ, ಟಾರ್ಚು, ತಿನ್ನಲು ಏನಾದರೂ. ಚಕ್ರ ಜಾರಿದರೆ ಕೆಳಗೆ ಸುರಿಯಲು ಸಾಕು ಬೆಕ್ಕಿನ ಕಕ್ಕಸಿಗೆ ಹಾಕುವ ಮರಳು (ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಅಂಗಡಿಯವನು ಬೆಕ್ಕಿನ ಹೆಸರು ಕೇಳಿದ). ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ಇಳಿಯಬಾರದು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಬೇಕು, ಅದಕ್ಕೂ ಮೊದಲು ಹೊಗೆ ಕೊಳವೆಯ ಬಾಯಿಂದ ಹಿಮ ತೆಗೆಯಬೇಕು. ಇಲ್ಲದಿದ್ದರೆ ಆ ಹೊಗೆಯೇ ಒಳಗೆ ಬಂದು ಕೊಲ್ಲುತ್ತದೆ. ಕೊನೆಗೆ ಕಾಫಿ ಡಬ್ಬಿಯೊಳಗೆ ನಿಲ್ಲಿಸಿದ ಮೇಣದ ಬತ್ತಿ, ಬೆಂಕಿಪೊಟ್ಟಣ. ಕಿಟಕಿ ಒಂದಿಷ್ಟು ಇಳಿಸಿ ಹಚ್ಚಿದರೆ ಕೈಗೆ ಬಿಸಿ, ಹಿಮ ಕರಗಿಸಿದರೆ ಕುಡಿಯಲು ನೀರು. 1996–97ರ ಚಳಿಗಾಲದಲ್ಲಿ ಇಲ್ಲಿ 117 ಇಂಚು ಹಿಮ ಬಿದ್ದಿತ್ತು. ಆಗ ಒಂದು ರಾತ್ರಿ ಇಂಥ ಡಬ್ಬಿ ಇಟ್ಟುಕೊಂಡು ಅಜ್ಜಿ ಮತ್ತು ಅವರ ಗಂಡ ಪಿಕಪ್ಪಿನಲ್ಲಿ ಕೂತಿದ್ದರಂತೆ. ಗಂಡ ಈಗಿಲ್ಲ. ಅಜ್ಜಿ ಅದರ ಬಗ್ಗೆ ಇನ್ನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಕಾಫಿ ಡಬ್ಬಿ ಎಲ್ಲಿಂದ ಬರಬೇಕು? ಪುಡಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹುಡುಕಿದಾಗ ಸಿಕ್ಕಿದ್ದು ಅಮ್ಮ ಶೇಂಗಾ ಚಟ್ನಿಪುಡಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿ. ತಳದಲ್ಲಿ ಎರಡು ಚಮಚ ಉಳಿದಿತ್ತು. ಈ ಸಲ ಹೊಲದ್ದೇ ಶೇಂಗಾ. ಬರದ ವರ್ಷ ಬಂದದ್ದು ಅಂಗಡಿಯದು, ಅಮ್ಮ ಹೇಳಿರಲಿಲ್ಲ, ಬಾಯಿಗೆ ಹಾಕಿಕೊಂಡಾಗ ಗೊತ್ತಾಗಿತ್ತು. ಪುಡಿಯನ್ನು ಬಟ್ಟಲಿಗೆ ಬಗ್ಗಿಸಿ, ಡಬ್ಬಿ ಒರೆಸಿ, ಬತ್ತಿ ನಿಲ್ಲಿಸಿ ತೋರಿಸಲು ಒಯ್ದೆ.

ಅಜ್ಜಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು, ತೂಕ ನೋಡಿದರು. ಆಮೇಲೆ ಮೂಗಿನ ಹತ್ತಿರ ಹಿಡಿದರು.

"ಬೆಳ್ಳುಳ್ಳಿ?"

"ಹೂಂ. ಮತ್ತೆ ಕಡಲೆಕಾಯಿ. ನಮ್ಮಪ್ಪ ಬೆಳೆದದ್ದು."

"ಇದರಲ್ಲಿದ್ದದ್ದು ಎಲ್ಲಿ ಹೋಯ್ತು?"