ಕಾಣಲೇ ಇಲ್ಲ ಅಂದರು

ಕಾರು ನನಗೆ ಗುದ್ದಿದಾಗ ನಾನು ನಿಂತಿದ್ದೆ. ಸಿಗ್ನಲ್‌ನಲ್ಲಿ ಕೆಂಪು ದೀಪ, ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ನೆಲದ ಮೇಲೆ. ಪಕ್ಕದ ಸಾಲಿನವರಿಗೆ ತಿರುಗಲು ಹಸಿರು ಬಿತ್ತು, ಅವರು ಹೊರಟರು. ನನ್ನ ಹಿಂದಿದ್ದ ಕಾರೂ ಹೊರಟಿತು. ನಮ್ಮ ಸಾಲಿಗೆ ಇನ್ನೂ ಕೆಂಪೇ ಇತ್ತು.

ದೊಡ್ಡ ಪೆಟ್ಟೇನೂ ಅಲ್ಲ. ಮೊಣಕಾಲು ತರಚಿತು, ಹಿಂದಿನ ಚಕ್ರ ಎಂಟರ ಆಕಾರಕ್ಕೆ ಬಾಗಿತು. ಕಾರಿನವರು ಗಾಬರಿಯಿಂದ ಇಳಿದು ಓಡಿ ಬಂದರು. ಒಳ್ಳೆಯವರೇ. ನನ್ನ ತೋಳು ಹಿಡಿದು ಎಬ್ಬಿಸಿದರು. "ಅಯ್ಯೋ, ನೀವು ಕಾಣಲೇ ಇಲ್ಲ ಕಣ್ರೀ" ಅಂದರು. ನಾನು ಗಿಣಿಹಸಿರು ಬಣ್ಣದ ಮಿಂಚುವ ಜಾಕೆಟ್ ಹಾಕಿದ್ದೆ. ಸೀಟಿನ ಕೆಳಗೆ ಕೆಂಪು ದೀಪ ಮಿನುಗುತ್ತಿತ್ತು. ಅವರ ಇನ್ನೊಂದು ಕೈಯಲ್ಲಿ ಫೋನ್ ಹಾಗೇ ಇತ್ತು, ಅರ್ಧ ಬರೆದ ಮೆಸೇಜ್ ಪರದೆ ಮೇಲೆ ಬೆಳಗುತ್ತಿತ್ತು. ಅದನ್ನು ಕೆಳಗಿಡಬೇಕು ಅಂತಲೂ ಅವರಿಗೆ ತೋಚಿರಲಿಲ್ಲ.

ಅವರು ಸುಳ್ಳು ಹೇಳಲಿಲ್ಲ ಅನ್ನುವುದೇ ನನ್ನನ್ನು ಆಮೇಲೆ ತುಂಬ ದಿನ ಕಾಡಿದ್ದು. ನಿಜವಾಗಿಯೂ ನಾನು ಕಂಡಿರಲಿಲ್ಲ. ಎರಡು ಮೀಟರ್ ದೂರದಲ್ಲಿ ಒಬ್ಬ ಮನುಷ್ಯ, ಒಂದು ಸೈಕಲ್, ಒಂದು ಕೆಂಪು ದೀಪ. ಕಣ್ಣಂಚಿನಲ್ಲಿ ಏನೋ ಅಲುಗಾಡಿತು, ಕಾಲು ತಾನಾಗಿ ಬ್ರೇಕ್ ಬಿಟ್ಟಿತು, ಅಷ್ಟೇ.

ಆ ತಿಂಗಳೇ ಹ್ಯಾಂಡಲ್‌ಗೆ ಒಂದು ಕ್ಯಾಮೆರಾ ಕಟ್ಟಿಸಿದೆ. ಮೂರು ವರ್ಷವಾಯಿತು. ಗಾಡಿ ಓಡಿಸುತ್ತಾ ಫೋನ್ ಹಿಡಿದವರ ವಿಡಿಯೊ ಸಿಕ್ಕರೆ ಸಂಚಾರ ಪೊಲೀಸರಿಗೆ ಕಳಿಸುತ್ತೇನೆ. ಮನೆಯಲ್ಲಿ, ಕೆಲಸದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಿನಗ್ಯಾಕೆ ಈ ಉಸಾಬರಿ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನನಗೆ ಕಾಣುತ್ತದೆ. ಸೈಕಲ್ ಸೀಟಿನ ಮೇಲೆ ಕೂತವರ ಕಣ್ಣು ಕಾರಿನ ಕಿಟಕಿಗಿಂತ ಎತ್ತರದಲ್ಲಿರುತ್ತದೆ. ಸಾಲುಗಟ್ಟಿ ನಿಂತ ಗಾಡಿಗಳ ಪಕ್ಕದಲ್ಲಿ ನಿಧಾನವಾಗಿ ಹೋಗುವಾಗ ಒಳಗಿನವರ ತೊಡೆಯವರೆಗೂ ಕಾಣುತ್ತದೆ. ಸ್ಟೀರಿಂಗ್ ಕೆಳಗೆ ಫೋನ್ ಇಟ್ಟುಕೊಂಡವರು ಅದನ್ನು ಬಚ್ಚಿಟ್ಟಿದ್ದೇವೆ ಅಂದುಕೊಂಡಿರುತ್ತಾರೆ. ಪಕ್ಕದ ಕಾರಿನವರಿಗೆ ಅದು ಕಾಣುವುದಿಲ್ಲ, ನಮಗೆ ಕಾಣುತ್ತದೆ. ರಾತ್ರಿಯಾದರೆ ಇನ್ನೂ ಸುಲಭ. ಗಲ್ಲದ ಕೆಳಗಿಂದ ಮುಖಕ್ಕೆ ಬೆಳ್ಳಗೆ ಬೆಳಕು ಬಿದ್ದಿರುತ್ತದೆ.

ದೂರದಿಂದಲೂ ಗುರುತು ಸಿಗುತ್ತದೆ. ಗಾಡಿ ನಿಧಾನಕ್ಕೆ ರಸ್ತೆಯ ಅಂಚಿಗೆ ಜಾರುತ್ತಾ ಬರುತ್ತದೆ, ಆಮೇಲೆ ಥಟ್ಟನೆ ನಡುವಿಗೆ ತಿರುಗುತ್ತದೆ. ಮುಂದೆ ಖಾಲಿ ಜಾಗ ಸುಮ್ನೆ ಬೆಳೆಯುತ್ತಾ ಹೋಗುತ್ತದೆ. ಹಸಿರು ಬಿದ್ದು ಎಲ್ಲರೂ ಹೋದ ಮೇಲೆ ಹಿಂದಿನವರು ಹಾರ್ನ್ ಹೊಡೆಯಬೇಕು, ಆಗ ಒಂದೇ ನೆಗೆತಕ್ಕೆ ಹೊರಡುತ್ತಾರೆ. ಆ ನೆಗೆತ ಇದೆಯಲ್ಲ, ನನಗೆ ಎಲ್ಲಕ್ಕಿಂತ ಭಯ ಅದರದ್ದು. ಸೈಕಲ್‌ನವರು ಗಾಡಿಗಳ ಮುಂದೆ ಬಂದು ನಿಂತಿರುವುದೇ ಆ ಹೊತ್ತಿಗೆ.

"ಸಿಗ್ನಲ್‌ನಲ್ಲಿ ನಿಂತಿದ್ದಾಗ ತಾನೆ ನೋಡಿದ್ದು, ಅದರಲ್ಲೇನು ತಪ್ಪು?" ಅಂತ ತುಂಬ ಜನ ಕೇಳುತ್ತಾರೆ. ಫೋನ್ ಕೆಳಗಿಟ್ಟ ತಕ್ಷಣ ಮನಸ್ಸು ರಸ್ತೆಗೆ ವಾಪಸ್ ಬರುವುದಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ತಂಡ 2015ರಲ್ಲಿ ಇದನ್ನು ಅಳೆದು ನೋಡಿದರು. ಕೈಯಿಂದ ಮುಟ್ಟದೆ ಮಾತಿನಲ್ಲೇ ಆಜ್ಞೆ ಕೊಟ್ಟು ಫೋನಿನಲ್ಲೋ ಕಾರಿನ ಪರದೆಯಲ್ಲೋ ಕೆಲಸ ಮುಗಿಸಿದ ಮೇಲೂ ಗಮನ ಪೂರ್ತಿ ಮರಳಲು ಕೆಲವು ಸಲ 27 ಸೆಕೆಂಡುವರೆಗೂ ಹಿಡಿಯುತ್ತಿತ್ತು. 27 ಸೆಕೆಂಡಿನಲ್ಲಿ ಸಿಗ್ನಲ್ ದಾಟಿ, ಅದರಾಚೆಗಿನ ಜೀಬ್ರಾ ಪಟ್ಟೆಯನ್ನೂ ದಾಟಿರುತ್ತಾರೆ ಅಲ್ವಾ?

ಓಡುವಾಗಿನ ಲೆಕ್ಕ ಇನ್ನೂ ಸುಲಭ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಐದು ಸೆಕೆಂಡು ಪರದೆ ನೋಡಿದರೆ 70 ಮೀಟರ್. ಒಂದಕ್ಕೊಂದು ತಾಗಿಸಿ ನಿಲ್ಲಿಸಿದ ಹದಿನೈದು ಕಾರುಗಳಷ್ಟು ಉದ್ದ. ಅಷ್ಟು ದೂರವನ್ನು ಕಣ್ಣು ಮುಚ್ಚಿಕೊಂಡು ಓಡಿಸು ಅಂದರೆ ಯಾರೂ ಒಪ್ಪುವುದಿಲ್ಲ. 1997ರಲ್ಲೇ ಟೊರಾಂಟೊದ ಇಬ್ಬರು ಸಂಶೋಧಕರು, ರೆಡೆಲ್ಮೈಯರ್ ಮತ್ತು ಟಿಬ್ಶಿರಾನಿ, ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್‌ಗಳನ್ನು ತರಿಸಿ ನೋಡಿದ್ದರು. ಫೋನ್ ಬಳಸುವಾಗ ಡಿಕ್ಕಿಯ ಅಪಾಯ ನಾಲ್ಕು ಪಟ್ಟು ಅಂತ ಕಂಡುಬಂತು. ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೂ ಅದರಿಂದ ಲಾಭವಾದಂತೆ ಕಾಣಲಿಲ್ಲ. ಅದು ಬರೀ ಕರೆಗಳ ಕಾಲ. ಈಗ ಕೈಯಲ್ಲಿರುವ ಫೋನಿನಲ್ಲಿ ಏನೇನಿದೆ ನೋಡಿ.

ನನ್ನ ಹಾಗೆ ವಿಡಿಯೊ ತೆಗೆದು ಪೊಲೀಸರಿಗೆ ಕಳಿಸುವವರಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವ ಹೆಸರು ಲಂಡನ್ನಿನ ಮೈಕ್ ವ್ಯಾನ್ ಅರ್ಪ್ ಅವರದು. ಅವರ ತಂದೆಯನ್ನು ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬ ಕೊಂದ. ವ್ಯಾನ್ ಅರ್ಪ್ ಸೈಕಲ್‌ನಲ್ಲಿ ಓಡಾಡುತ್ತಾ ಫೋನ್ ಹಿಡಿದ ನೂರಾರು ಚಾಲಕರ ವಿಡಿಯೊ ಪೊಲೀಸರಿಗೆ ಕೊಟ್ಟಿದ್ದಾರೆ. ಸಿನಿಮಾ ನಿರ್ದೇಶಕ ಗೈ ರಿಚಿ ಅವರಿಗೆ 2020ರಲ್ಲಿ ಆರು ತಿಂಗಳು ಗಾಡಿ ಓಡಿಸದಂತೆ ನಿಷೇಧ ಬಿದ್ದದ್ದು ಇವರು ತೆಗೆದ ವಿಡಿಯೊದಿಂದಲೇ. ಇವರನ್ನು ಬೈಯುವವರೂ ಬೇಕಾದಷ್ಟು ಜನ. ನನಗೆ ವ್ಯಾನ್ ಅರ್ಪ್ ಮೇಲೆ ಗೌರವವಿದೆ. ಆದರೆ ಅವರ ಹಾಗೆ ಚಾಲಕರ ಎದುರು ನಿಂತು ಮಾತಾಡುವುದು ನನ್ನಿಂದಾಗದು.

ಬ್ರಿಟನ್ನಿನ ಇನ್ನೊಂದು ಸಂಗತಿ ನನಗೆ ಪಾಠದಂತಿದೆ. ಅಪಘಾತ ನಡೆದ ಜಾಗ ದಾಟುತ್ತಾ ಒಬ್ಬರು ಗಾಡಿ ಓಡಿಸಿಕೊಂಡೇ ಫೋನಿನಲ್ಲಿ ಅದರ ವಿಡಿಯೊ ತೆಗೆದರು. 2019ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಯಾಕೆಂದರೆ ಆಗಿನ ನಿಯಮ ಹೇಳುತ್ತಿದ್ದದ್ದು ಕರೆ, ಮೆಸೇಜ್‌ನಂಥ ಸಂಪರ್ಕದ ಬಳಕೆಯ ಬಗ್ಗೆ ಮಾತ್ರ, ಬರೀ ವಿಡಿಯೊ ತೆಗೆಯುವುದು ಅದರೊಳಗೆ ಬರುತ್ತಿರಲಿಲ್ಲ. 2022ರ ಮಾರ್ಚ್‌ನಲ್ಲಿ ನಿಯಮ ತಿದ್ದಿದರು. ಈಗ ಅಲ್ಲಿ ಚಾಲಕರು ಫೋಟೊ ತೆಗೆದರೂ, ಹಾಡು ಹುಡುಕಿದರೂ, ಆಟ ಆಡಿದರೂ, ಸಿಗ್ನಲ್‌ನಲ್ಲಿ ನಿಂತಿದ್ದರೂ ಫೋನ್ ಕೈಯಲ್ಲಿದ್ದರೆ ತಪ್ಪು. 200 ಪೌಂಡ್ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕಕ್ಕೆ ಆರು ಪಾಯಿಂಟ್. ಹೊಸ ಚಾಲಕರಿಗೆ ಮೊದಲ ಎರಡು ವರ್ಷದಲ್ಲಿ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ. ನಿಯಮದ ಒಂದು ಪದ ಆಚೀಚೆಯಾದರೆ ಕಣ್ಣಾರೆ ಕಂಡದ್ದೂ ನಿಲ್ಲುವುದಿಲ್ಲ ಅಂತ ನನಗೆ ಅರ್ಥವಾದದ್ದು ಇದರಿಂದ.

ನಾನು ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಅಲ್ಲಿ ಒಂದು ಕಟ್ಟುನಿಟ್ಟು ಇದೆ. ಟ್ಯೂಬ್ ಮೇಲಿನ ಹೆಸರು, ನಂಬರ್ ಸರಿಯಾಗಿ ಓದಲು ಬಾರದಿದ್ದರೆ ಆ ಸ್ಯಾಂಪಲ್ ಮುಟ್ಟುವುದಿಲ್ಲ. ಎಷ್ಟೇ ತುರ್ತಿದ್ದರೂ ವಾಪಸ್. ಬೇರೆಯವರ ರಿಪೋರ್ಟ್ ಇವರ ಕೈಗೆ ಹೋದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ವಿಡಿಯೊ ಕಳಿಸುವಾಗಲೂ ನಾನು ಹಾಗೇ ಮಾಡುತ್ತೇನೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ. "ಎಡಗೈಯಲ್ಲಿ ಕಪ್ಪು ಫೋನ್, ಪರದೆ ಹೊತ್ತಿತ್ತು, ಹೆಬ್ಬೆರಳು ಆಡುತ್ತಿತ್ತು, ಗಾಡಿ ಚಲಿಸುತ್ತಿತ್ತು." ಚಾಟ್ ಮಾಡುತ್ತಿದ್ದರು ಅಂತ ಬರೆಯುವುದಿಲ್ಲ, ಅದು ನನ್ನ ಊಹೆ. ವಿಡಿಯೊ ಕತ್ತರಿಸುವುದಿಲ್ಲ. ಹಿಂದೆ ಒಂದು ನಿಮಿಷ, ಮುಂದೆ ಒಂದು ನಿಮಿಷ ಹಾಗೇ ಇರಲಿ, ನಾನು ಹೇಗೆ ಓಡಿಸುತ್ತಿದ್ದೆ ಅನ್ನುವುದೂ ಪೊಲೀಸರಿಗೆ ಕಾಣಲಿ. ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನಿನಲ್ಲಿ ದಾರಿ ನೋಡುತ್ತಿದ್ದವರದ್ದನ್ನು ಕಳಿಸುವುದಿಲ್ಲ. ಕ್ಯಾಮೆರಾದ ಗಡಿಯಾರವನ್ನು ವಾರಕ್ಕೊಮ್ಮೆ ನೋಡುತ್ತೇನೆ. ಒಮ್ಮೆ ಬ್ಯಾಟರಿ ಪೂರ್ತಿ ಇಳಿದು ತಾರೀಖು ಬದಲಾಗಿತ್ತು, ಸ್ಪಷ್ಟವಾದ ಒಂದು ವಿಡಿಯೊ ಅದರಿಂದ ವ್ಯರ್ಥವಾಯಿತು.

ಇಂಟರ್ನೆಟ್ಟಿಗಂತೂ ಹಾಕುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಅಪ್ಪನೋ ಅಮ್ಮನೋ ಊರವರ ಬಾಯಿಗೆ ಬೀಳುವುದನ್ನು ಅವರು ಯಾಕೆ ನೋಡಬೇಕು?

ಕಿಟಕಿ ಬಡಿಯುವುದನ್ನು ಬಿಟ್ಟದ್ದಕ್ಕೆ ಒಂದು ಕಾರಣವಿದೆ. ಶುರುವಿನಲ್ಲಿ ಒಮ್ಮೆ ಸಿಗ್ನಲ್‌ನಲ್ಲಿ ಗಾಜಿನ ಮೇಲೆ ಎರಡು ಸಲ ತಟ್ಟಿದೆ. ಒಳಗೆ ಚಿಕ್ಕ ವಯಸ್ಸಿನ ಹುಡುಗಿ. ಬೆಚ್ಚಿ ಬಿದ್ದಳು. ಫೋನ್ ಕೆಳಗೆ ಬಿತ್ತು, ಕಾರು ಒಂದು ಮಾರು ಮುಂದೆ ನೆಗೆಯಿತು. ಮುಂದೆ ಯಾರೂ ಇರಲಿಲ್ಲ, ಪುಣ್ಯ. ಇದ್ದಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ಕ ಕೇಳುವ ಪ್ರಶ್ನೆ ಬೇರೆ. "ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವರ ಲೈಸೆನ್ಸ್ ಹೋದರೆ ಏನು ಮಾಡ್ತೀಯೇ?" ಇದಕ್ಕೆ ನನ್ನಲ್ಲಿ ಥಟ್ಟನೆ ಹೇಳುವ ಉತ್ತರವಿಲ್ಲ. ಪಾರ್ಸೆಲ್ ತಲುಪಿಸುವವರ ಫೋನ್ ನಿಮಿಷಕ್ಕೊಮ್ಮೆ ಕೂಗುತ್ತದೆ. ಮುಂದಿನ ಮನೆ, ಮುಂದಿನ ಆರ್ಡರ್, ತಡವಾಯಿತು. ಓಡಿಸುವಾಗಲೇ ಉತ್ತರ ಕೊಡಬೇಕು ಅಂತ ಕೆಲಸವನ್ನು ಹಾಗೆ ಕಟ್ಟಿದವರ ಮೇಲೆ ನನಗೆ ಜಾಸ್ತಿ ಸಿಟ್ಟಿದೆ. ಆದರೆ ಅವರು ನನ್ನ ಕ್ಯಾಮೆರಾಗೆ ಸಿಗುವುದಿಲ್ಲ. ಆ ವ್ಯಾನ್ ಗುದ್ದಿದರೆ ಬೀಳುವವರೂ ಹೊಟ್ಟೆಪಾಡಿಗೆ ಹೊರಟವರೇ ಆಗಿರಬಹುದು. ಹಾಗಾಗಿ ಅವರದ್ದನ್ನೂ ಕಳಿಸುತ್ತೇನೆ, ಸಂಕಟದಿಂದಲೇ.

ಅಕ್ಕನಿಗೆ ನಾನು ಒಂದು ಮಾತು ಹೇಳಿದ್ದೆ, ಅದನ್ನು ಅವಳು ಒಪ್ಪಿದಳು. ಓಡಿಸುವವರ ಫೋನಿನ ಇನ್ನೊಂದು ತುದಿಯಲ್ಲಿ ಯಾರೋ ಒಬ್ಬರು ಇರುತ್ತಾರೆ. ಆ ಇನ್ನೊಬ್ಬರು ಬಹಳ ಸಲ ನಾವೇ. "ಎಲ್ಲಿದ್ದೀಯ? ಯಾಕೆ ಉತ್ತರ ಇಲ್ಲ?" ಅಂತ ಬರೆಯುವವರು ನಾವು. ಈಗ ನಮ್ಮ ಮನೆಯಲ್ಲಿ ಒಂದು ರೂಢಿಯಾಗಿದೆ. ಕರೆ ಮಾಡಿದಾಗ ಹಿಂದೆ ಎಂಜಿನ್ ಸದ್ದು ಕೇಳಿದರೆ, "ಓಡಿಸ್ತಿದ್ದೀಯಾ? ಇಡು, ತಲುಪಿದ ಮೇಲೆ ಮಾತಾಡೋಣ" ಅಂತ ಇಟ್ಟುಬಿಡುತ್ತೇವೆ. ಮೊದಮೊದಲು ಭಾವನಿಗೆ ಬೇಜಾರಾಯಿತು. ಈಗ ಅವರೇ ಗಾಡಿ ಹತ್ತುವ ಮುಂಚೆ "ಹೊರಟೆ" ಅಂತ ಒಂದು ಮೆಸೇಜ್ ಹಾಕುತ್ತಾರೆ, ಆಮೇಲೆ ಫೋನ್ ಬ್ಯಾಗಿನೊಳಗೆ, ಬ್ಯಾಗ್ ಡಿಕ್ಕಿಯೊಳಗೆ.

ನಿನ್ನೆ ಸಂಜೆ ಒಂದು ವಿಡಿಯೊ ಸಿಕ್ಕಿತು. ಬಿಳಿ ವ್ಯಾನ್ ನನ್ನನ್ನು ತೀರ ಹತ್ತಿರದಿಂದ ದಾಟಿತು, ಚಾಲಕನ ಮೊಣಕೈ ಸ್ಟೀರಿಂಗ್ ಮೇಲೆ, ಎರಡೂ ಕೈಗಳ ನಡುವೆ ಫೋನ್. ಇಷ್ಟು ಸ್ಪಷ್ಟವಾಗಿ ಬಹಳ ದಿನದಿಂದ ಕಂಡಿರಲಿಲ್ಲ. ನನ್ನ ಭುಜಕ್ಕೂ ಅವನ ಕನ್ನಡಿಗೂ ಒಂದು ಗೇಣು ಇತ್ತೇನೋ. ಮನೆಗೆ ಬಂದು ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆ. ಲೆನ್ಸ್ ಮೇಲೆ ಒಂದು ಮಳೆ ಹನಿ. ನಂಬರ್ ಪ್ಲೇಟಿನ ಮೂರನೇ ಅಂಕಿ 3 ಇರಬಹುದು, 8 ಇರಬಹುದು.

"ಯಾವುದೋ ಒಂದು ಹಾಕಿ ಕಳಿಸು, ಅವರೇ ನೋಡ್ಕೋತಾರೆ" ಅಂದಳು ಅಕ್ಕ. ಅವಳಿಗೂ ಆ ದೃಶ್ಯ ನೋಡಿ ಮೈ ಉರಿದಿತ್ತು.

ಹನ್ನೊಂದು ಗಂಟೆಯವರೆಗೂ ನೋಡಿದೆ. ಒಮ್ಮೆ 3, ಒಮ್ಮೆ 8. ಕಳಿಸಲಿಲ್ಲ. ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕ್ಯಾಮೆರಾ ಚಾರ್ಜಿಗೆ ಹಾಕಿ ಮಲಗಿದೆ.